ಬಾರ್ನ್ ಇಲ್ಲದ ಬೆಟ್ಟ

ಇಂಗ್ಲಿಷ್ ಕಾದಂಬರಿ ಓದುವಾಗ ‘ಬಾರ್ನ್’ ಎಂಬ ಪದ ಬಂದರೆ ನಾನು ಪ್ರತಿಸಲವೂ ತಡವರಿಸುತ್ತೇನೆ. ಕಣಜ ಎನ್ನೋಣವೆಂದರೆ ಅದರಲ್ಲಿ ದನ ಕಟ್ಟಲಾಗದು. ಕೊಟ್ಟಿಗೆ ಎಂದರೆ ಅಲ್ಲಿ ತೆನೆ ಬಡಿಯುವುದಿಲ್ಲ. ಎಸೆಕ್ಸ್ ಪ್ರಾಂತ್ಯದ ಕ್ರೆಸಿಂಗ್ ಟೆಂಪಲ್‌ನಲ್ಲಿ ಟೆಂಪ್ಲರ್ ಪಂಥದವರು 13ನೆಯ ಶತಮಾನದಲ್ಲಿ ಕಟ್ಟಿಸಿದ ಎರಡು ಬಾರ್ನ್‌ಗಳು ಈಗಲೂ ನಿಂತಿವೆ. ಓಕ್ ಮರದ ಕಂಬ ತೊಲೆಗಳನ್ನು ಒಂದರೊಳಗೊಂದು ಕೂರಿಸಿ ಎಬ್ಬಿಸಿದ ಭಾರೀ ಚೌಕಟ್ಟುಗಳು ಅವು. ಚಳಿಗಾಲದಲ್ಲೂ ಮಳೆ ಬಿಡದ ನಾಡು. ಫಸಲು, ಹುಲ್ಲು, ಒಕ್ಕಣೆ ಎಲ್ಲವೂ ಒಂದೇ ಸೂರಿನಡಿ ನಡೆಯಬೇಕಿತ್ತು.

ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರು, ಕೊಳ್ಳೇಗಾಲ, ಹನೂರಿನ ರೈತರಿಗೆ ಆ ತಾಪತ್ರಯವಿರಲಿಲ್ಲ. ರಾಗಿ ಒಕ್ಕುವ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ. ಹಾಗಾಗಿ ಅವರ ಬಾರ್ನು ಬಯಲಲ್ಲೇ ಹರಡಿಕೊಂಡಿತ್ತು: ಸಗಣಿ ಸಾರಿಸಿದ ಕಣದಲ್ಲಿ ರೋಣಗಲ್ಲು ಉರುಳುತ್ತಿತ್ತು, ಹುಲ್ಲು ಮೆದೆಯಾಗುತ್ತಿತ್ತು, ಕಾಳು ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು. ಹಗೇವಿನ ಬಾಯಿ ಕಿರಿದು, ಹೊಟ್ಟೆ ಹಿರಿದು. ಚಪ್ಪಡಿ ತೆಗೆದೊಡನೆ ಯಾರೂ ಒಳಗಿಳಿಯುವಂತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು, ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ರಾಗಿ ತುಂಬಿಡುವ ಹಗೇವಿನ ಬಗ್ಗೆ ಬರೆದಿದ್ದಾನೆ. ಕಟ್ಟಡವೆಂದರೆ ನೆಲದಿಂದ ಮೇಲಕ್ಕೆ ಏಳಬೇಕು ಎಂದುಕೊಂಡವರ ವಾಸ್ತುಚರಿತ್ರೆಯಲ್ಲಿ ಇದಕ್ಕೆ ಜಾಗ ಸಿಗುವುದು ಕಷ್ಟ.

ಮರದ ಚೌಕಟ್ಟೇ ಬೇಕೆಂದರೆ ಬೆಟ್ಟ ಹತ್ತಬೇಕು. ಸೋಲಿಗರ ಹಳೆಯ ಗುಡಿಸಲಿಗೆ ನೆಟ್ಟ ಕವೆಗಂಬಗಳೇ ಆಧಾರ. ಕವೆಯ ಮೇಲೆ ತೊಲೆ, ನಾರಿನ ಕಟ್ಟು, ಬಿದಿರ ತಡಿಕೆಯ ಗೋಡೆ, ಹುಲ್ಲಿನ ಹೊದಿಕೆ. ಎಸೆಕ್ಸಿನ ಬಡಗಿ ಉಳಿಯಿಂದ ಕೊರೆದು ಮಾಡಿದ ಕೂಡಿಕೆಯನ್ನು ಇಲ್ಲಿ ಮರವೇ ಬೆಳೆಯುತ್ತ ಮಾಡಿಟ್ಟಿರುತ್ತದೆ. ಸೋಲಿಗರು ಉಳುಮೆಯ ಜಾಗ ಬದಲಿಸುತ್ತ ಹೋಗುತ್ತಿದ್ದವರು. ಎಂಟುನೂರು ವರ್ಷ ನಿಲ್ಲುವ ಸೂರು ಅವರಿಗೇಕೆ? ಹಳೆಯದು ಮಣ್ಣಾದರೆ ಕಾಡಿನಲ್ಲಿ ಹೊಸದು ಸಿಗುತ್ತಿತ್ತು.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಆ ಬೇಸಾಯ ನಿಂತಿತು, ಬಿದಿರಿಗೆ ಕತ್ತಿ ಹಾಕುವುದು ಅಪರಾಧವಾಯಿತು. ಬೆಟ್ಟದ ಚರಿತ್ರೆಯಲ್ಲಿ ಇದು ಒಂದು ಕಟ್ಟಡ ಪದ್ಧತಿ ಕೊನೆಗೊಂಡ ವರ್ಷವೂ ಹೌದು ಎಂದೇ ನನ್ನ ಎಣಿಕೆ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನಗಳ ಸಾಲಿಗೆ ಸೇರಿಸಿತು. 2011ರಲ್ಲಿ 25 ಪೋಡುಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ನಡುವೆ 37 ವರ್ಷ ಕಳೆದಿದ್ದವು. ಅಷ್ಟರಲ್ಲಿ ಪೋಡುಗಳಲ್ಲಿ ಸರ್ಕಾರಿ ಮನೆಗಳು ಎದ್ದಿದ್ದವು, ರಾಗಿ ಪ್ಲಾಸ್ಟಿಕ್ ಚೀಲ ಸೇರಿತ್ತು.