ಹೆಸರಿಲ್ಲದ ಪೊಟ್ಟಣ, ಅದರ ಮೇಲಿನ ಅಕ್ಷರ

ಹುಮನಾಬಾದಿನ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ಎರಡು ರೂಪದಲ್ಲಿ ಸಿಗುತ್ತದೆ. ಬಾಯಿ ತೆರೆದ ಚೀಲದಿಂದ ಗ್ರಾಹಕನ ಎದುರಿಗೇ ತೂಗಿ ಕೊಡುವ ಬೇಳೆ ಒಂದು. ಅಂಗಡಿಯವರೇ ಬಿಡುವಿನ ವೇಳೆಯಲ್ಲಿ ತುಂಬಿ, ಬಾಯಿ ಮುಚ್ಚಿ, ಸಾಲಾಗಿ ಜೋಡಿಸಿಟ್ಟ ಪಾರದರ್ಶಕ ಪ್ಲಾಸ್ಟಿಕ್ ಪೊಟ್ಟಣದ ಬೇಳೆ ಇನ್ನೊಂದು. ಎರಡೂ ಒಂದೇ ಚೀಲದಿಂದ ಬಂದದ್ದು. ಆದರೆ ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ ಸರಕು. ಗ್ರಾಹಕ ಬರುವ ಮುನ್ನವೇ ಕಟ್ಟಿಟ್ಟದ್ದು ಮಾತ್ರ ‘ಪೊಟ್ಟಣ’. ಎದುರಿಗೆ ತೂಗಿ ಕಟ್ಟಿಕೊಟ್ಟದ್ದು ಬಿಡಿ ಮಾಲು.

ಈ ವ್ಯತ್ಯಾಸ ಹಳೆಯದೇನಲ್ಲ. ಬಸವಕಲ್ಯಾಣ, ಹುಮನಾಬಾದ್ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರುಗಳು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದು ತೂಕವೆಂದರೆ ಸೇರು, ತೊಲ. ಕಿಲೋಗ್ರಾಂ ದೇಶದಾದ್ಯಂತ ಕಡ್ಡಾಯವಾದದ್ದು 1962ರಲ್ಲಿ. ಸಕ್ಕರೆಯಾಗಲಿ ಸಾಸಿವೆಯಾಗಲಿ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಮೇಲಿನಿಂದ ಇಳಿಬಿಟ್ಟ ದಾರವನ್ನು ಎಳೆದು ಕಟ್ಟಿಕೊಟ್ಟರೆ ವ್ಯಾಪಾರ ಮುಗಿಯಿತು. ಪುಣೆ–ಹೈದರಾಬಾದ್ ಹೆದ್ದಾರಿಯ ಈ ಸೀಮೆಯಲ್ಲಿ ಆ ಹಾಳೆ ಕನ್ನಡದ್ದೂ ಆಗಿರಬಹುದಿತ್ತು, ಉರ್ದು, ಮರಾಠಿ, ತೆಲುಗಿನದ್ದೂ ಆಗಿರಬಹುದಿತ್ತು. ಯಾವುದಾದರೇನು? ಒಳಗಿನ ಮಾಲಿಗೆ ಅಂಗಡಿಯವನ ಮಾತೇ ಮುದ್ರೆ. ಮಾಲು ಕೆಟ್ಟರೆ ಮರುದಿನ ಯಾರ ಕಟ್ಟೆಯ ಮುಂದೆ ನಿಂತು ಜಗಳವಾಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ಪತ್ರಿಕೆಯ ಪೊಟ್ಟಣಕ್ಕೂ ಈಗ ಕಾಲ ಸಂದಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ತಿನ್ನುವ ವಸ್ತುವನ್ನು ಸುದ್ದಿ ಪತ್ರಿಕೆಯಲ್ಲಿ ಸುತ್ತುವುದನ್ನು ನಿಷೇಧಿಸಿದವು. ಮುದ್ರಣದ ಮಸಿ ಹೊಟ್ಟೆಗೆ ಒಳ್ಳೆಯದಲ್ಲ. ಪತ್ರಿಕೆಯವರು ಒಪ್ಪಲೇಬೇಕಾದ ಮಾತು.

ಇಲ್ಲಿ ಹೆಸರಿಲ್ಲದ ಪೊಟ್ಟಣ ಮರೆಯಾಗುವ ಹಾದಿ ಹಿಡಿದಿದ್ದಾಗಲೇ ಹೊರದೇಶಗಳಲ್ಲಿ ಅದನ್ನು ಹೊಸದಾಗಿ ಕಂಡುಹಿಡಿಯಲಾಯಿತು ಎಂಬುದು ತಮಾಷೆಯ ಸಂಗತಿ. ಫ್ರಾನ್ಸಿನ ಕ್ಯಾರಫೋರ್ ಮಳಿಗೆಗಳು 1976ರಲ್ಲಿ 50 ದಿನಬಳಕೆಯ ವಸ್ತುಗಳನ್ನು ಬ್ರಾಂಡ್ ಹೆಸರಿಲ್ಲದೆ, ಬಿಳಿಯ ಹೊದಿಕೆಯಲ್ಲಿ ಮಾರಾಟಕ್ಕಿಟ್ಟವು. ಕೆನಡಾದ ಲೋಬ್ಲಾ 1978ರಲ್ಲಿ ‘ನೋ ನೇಮ್’ ಹೆಸರಿನಲ್ಲಿ ಹಳದಿ ಹೊದಿಕೆಯ ಮೇಲೆ ದಪ್ಪ ಕಪ್ಪು ಅಕ್ಷರ ಮುದ್ರಿಸಿತು. 1980ರಲ್ಲಿ ಜಪಾನಿನ ಸೇಯು ಮಳಿಗೆ ‘ಗುರುತಿಲ್ಲದ ಒಳ್ಳೆಯ ಸರಕು’ ಎಂಬ ಅರ್ಥದ ಮಾಲಿಕೆ ಹೊರತಂದು, ಮುರಿದ ಅಣಬೆಗಳನ್ನೂ ಸರಳ ಹೊದಿಕೆಯಲ್ಲಿ ಅಗ್ಗಕ್ಕೆ ಮಾರಿತು. ನಮ್ಮಲ್ಲಿ ಬೇಳೆಯ ನುಚ್ಚಿಗೆ ಇಷ್ಟೊಂದು ಪ್ರಚಾರ ಎಂದೂ ಸಿಕ್ಕಿಲ್ಲ. ಜಾಹೀರಾತಿನ ಖರ್ಚು ಉಳಿದರೆ ಬೆಲೆ ಇಳಿಯುತ್ತದೆ ಎಂಬುದು ಅಲ್ಲಿನವರ ಲೆಕ್ಕ. ಕಡೆಗೆ ಹೆಸರಿಲ್ಲದಿರುವುದೇ ಒಂದು ಹೆಸರಾಯಿತು. ಜಪಾನಿನ ಆ ಮಾಲಿಕೆ ‘ಮುಜಿ’ ಎಂದು ಜಗತ್ತಿನಾದ್ಯಂತ ಪ್ರಸಿದ್ಧ.

ಭಾರತದ ಪೊಟ್ಟಣದ ಮುಖವನ್ನು ತಿದ್ದಿದ್ದು ಕಲಾವಿದರಿಗಿಂತ ಹೆಚ್ಚಾಗಿ ನಿಯಮಾವಳಿ. 1977ರ ಪೊಟ್ಟಣ ಸರಕು ನಿಯಮಗಳು ತುಂಬಿದವರ ಹೆಸರು, ವಿಳಾಸ, ನಿವ್ವಳ ತೂಕ, ತಿಂಗಳು, ಬೆಲೆ ಇವೆಲ್ಲ ಹೊದಿಕೆಯ ಮೇಲಿರಬೇಕೆಂದವು. 2011ರಲ್ಲಿ ಜಾರಿಗೆ ಬಂದ ಕಾನೂನು ಮಾಪನಶಾಸ್ತ್ರ ನಿಯಮಗಳು ಅಕ್ಷರದ ಕನಿಷ್ಠ ಎತ್ತರವನ್ನೂ ಮಿಲಿಮೀಟರಿನಲ್ಲಿ ಗೊತ್ತುಪಡಿಸಿದವು. ಅಂದರೆ ಅಂಗಡಿಯವನ ನಾಲಗೆಯ ಮೇಲಿದ್ದ ಹೊಣೆ ಹೊದಿಕೆಯ ಮೇಲೆ ಬಂದು ಕುಳಿತಿತು. ಇದು ಒಳ್ಳೆಯದೇ. ಆದರೆ ಈ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕು ಎನ್ನುತ್ತದೆ ನಿಯಮ. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಕನ್ನಡವೊಂದನ್ನೇ ಓದಬಲ್ಲ ಬಸವಕಲ್ಯಾಣದ ಗೃಹಿಣಿಗೆ, ಓದಲೆಂದೇ ಮುದ್ರಿಸಿದ ಮಾತು ಓದಲು ಬಾರದು. ಪಾರದರ್ಶಕ ಪ್ಲಾಸ್ಟಿಕ್ ಗೆದ್ದದ್ದು ಬಹುಶಃ ಇಲ್ಲಿಯೇ. ಬೇಳೆಯ ಬಣ್ಣ, ಹೊಳಪು, ಕಲ್ಲು ಕಸ ನೋಡಲು ಲಿಪಿ ಬೇಕಿಲ್ಲ. ಮುಚ್ಚಿದ ಡಬ್ಬಿಯ ಸೋಪಿನ ಪುಡಿ, ಫಿನಾಯಿಲುಗಳ ಮಾತು ಬೇರೆ. ಅಲ್ಲಿ ಬಣ್ಣ ನೋಡಿ ಕೊಳ್ಳುವವರೇ ಹೆಚ್ಚು. ನಕಲಿ ಮಾಲಿನವರ ಬಂಡವಾಳವೂ ಅದೇ ಬಣ್ಣ.

ಹೆಸರಿಗೆ ತೆರಿಗೆಯೂ ಅಂಟಿಕೊಂಡ ಕಥೆ ಇನ್ನೂ ಸ್ವಾರಸ್ಯಕರ. 2017ರಲ್ಲಿ ಜಿಎಸ್‌ಟಿ ಬಂದಾಗ ನೋಂದಾಯಿತ ಬ್ರಾಂಡಿನ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಕ್ಕೆ ಶೇ 5 ತೆರಿಗೆ, ಬ್ರಾಂಡಿಲ್ಲದ್ದಕ್ಕೆ ವಿನಾಯಿತಿ ಇತ್ತು. ಹೆಸರಿಗೇ ತೆರಿಗೆಯಾದರೆ ಹೆಸರೇ ಬೇಡ ಎಂದವರೂ ಇದ್ದರು. 2022ರ ಜುಲೈ 18ರಿಂದ ಅಳತೆಗೋಲು ಬದಲಾಯಿತು. 25 ಕಿಲೋವರೆಗಿನ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಪೊಟ್ಟಣಕ್ಕೆ ಬ್ರಾಂಡ್ ಇರಲಿ ಬಿಡಲಿ ತೆರಿಗೆ ಬಿತ್ತು. ಕೆಲವೇ ದಿನಗಳಲ್ಲಿ ಮಾರುಕಟ್ಟೆಯಲ್ಲಿ 26 ಕಿಲೋ ಅಕ್ಕಿಯ ಚೀಲಗಳು ಕಾಣಿಸಿಕೊಂಡವು. ಎದುರಿಗೆ ತೂಗಿ ಕೊಡುವ ಬೇಳೆಗೆ ಮಾತ್ರ ಅಂದೂ ತೆರಿಗೆಯಿಲ್ಲ.

ಭಾಷೆಯ ವಿಷಯದಲ್ಲಿಯೂ ಇತ್ತೀಚೆಗೆ ಒಂದು ಹೆಜ್ಜೆ ಬಿದ್ದಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅದರಂತೆ, ರಾಜ್ಯದಲ್ಲಿ ತಯಾರಾಗುವ ಗ್ರಾಹಕ ಉತ್ಪನ್ನಗಳ ಹೆಸರು ಮತ್ತು ಬಳಕೆಯ ಸೂಚನೆಗಳನ್ನು ಕನ್ನಡದಲ್ಲಿಯೂ ಮುದ್ರಿಸಬೇಕೆಂದು ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶಿಸಿತು. ಆದರೆ ಬಸವಕಲ್ಯಾಣದಿಂದ ಮಹಾರಾಷ್ಟ್ರದ ಗಡಿ ಕೂಗಳತೆಯ ದೂರ. ಗಡಿಯಾಚೆಯ ಲಾತೂರು ಬೇಳೆ ಮಿಲ್ಲುಗಳಿಗೆ ಹೆಸರಾದ ಊರು. ಅಲ್ಲಿ ತುಂಬಿ ಇಲ್ಲಿಗೆ ಬರುವ ಪೊಟ್ಟಣಕ್ಕೆ ಈ ಆದೇಶ ತಟ್ಟುವುದಿಲ್ಲ.