ಸೊದೋಮಿನ ಪಾಪ: ಒಂದು ವ್ಯಾಖ್ಯಾನದ ಇತಿಹಾಸ

ಸಲಿಂಗಕಾಮವನ್ನು ಕುರಿತು ಕ್ರೈಸ್ತಧರ್ಮದ ನಿಲುವೇನೆಂಬ ಪ್ರಶ್ನೆ ಎದ್ದಾಗ ಸಾಮಾನ್ಯವಾಗಿ ಮೊದಲು ಕೇಳಿಬರುವ ಹೆಸರು ಸೊದೋಮ್. ಬೈಬಲಿನ ಆದಿಕಾಂಡದಲ್ಲಿ ಬೆಂಕಿಗಂಧಕಗಳ ಮಳೆಗೆ ಸಿಕ್ಕಿ ನಾಶವಾದ ಈ ಪಟ್ಟಣದ ಹೆಸರಿನಿಂದಲೇ ಯೂರೋಪಿನ ಹಲವು ಭಾಷೆಗಳಲ್ಲಿ ಒಂದು ಪಾಪಕ್ಕೂ ಮುಂದೆ ಒಂದು ಅಪರಾಧಕ್ಕೂ ಹೆಸರು ಹುಟ್ಟಿತು. ಆದರೆ ಆ ಊರಿನವರು ಮಾಡಿದ ಪಾಪ ಯಾವುದೆಂಬ ವಿಷಯದಲ್ಲಿ ಶಾಸ್ತ್ರಗ್ರಂಥಗಳೂ ವ್ಯಾಖ್ಯಾನಕಾರರೂ ಎಲ್ಲ ಕಾಲದಲ್ಲಿಯೂ ಒಂದೇ ಮಾತನ್ನು ಹೇಳಿಲ್ಲ. ಈ ಭೇದವನ್ನೂ ಅದರ ಪರಿಣಾಮವನ್ನೂ ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ. ದೇವತಾಶಾಸ್ತ್ರದ ತೀರ್ಪು ನೀಡುವುದು ನಮ್ಮ ಉದ್ದೇಶವಲ್ಲ. ವ್ಯಾಖ್ಯಾನದ ಇತಿಹಾಸವಷ್ಟೇ ನಮ್ಮ ವಿಷಯ.

ಆದಿಕಾಂಡದ ೧೯ನೆಯ ಅಧ್ಯಾಯದ ಕಥೆ ಹೀಗಿದೆ. ಇಬ್ಬರು ದೇವದೂತರು ಸಂಜೆಯ ವೇಳೆ ಸೊದೋಮಿಗೆ ಬರುತ್ತಾರೆ. ಅಲ್ಲಿ ಬಂದು ನೆಲಸಿದ್ದ ಲೋಟನು ಅವರನ್ನು ಒತ್ತಾಯಪಡಿಸಿ ಮನೆಗೆ ಕರೆದೊಯ್ದು ಉಪಚರಿಸುತ್ತಾನೆ. ಊರಿನ ಗಂಡಸರು ಮನೆಯನ್ನು ಮುತ್ತಿ, ಅತಿಥಿಗಳನ್ನು ತಾವು 'ಅರಿಯಬೇಕು', ಹೊರಕ್ಕೆ ಕಳುಹಿಸು ಎನ್ನುತ್ತಾರೆ. ಲೋಟನು ಅತಿಥಿಗಳಿಗೆ ಬದಲಾಗಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಒಪ್ಪಿಸಲು ಸಿದ್ಧನಾಗುತ್ತಾನೆ. ಅತಿಥಿದ್ರೋಹವೂ ಬಲಾತ್ಕಾರದ ಬೆದರಿಕೆಯೂ ಈ ಕಥೆಯಲ್ಲಿ ಹೆಣೆದುಕೊಂಡಿವೆ ಎಂಬುದು ಗಮನಾರ್ಹ.

ಮುಂದಿನ ಗ್ರಂಥಗಳಲ್ಲಿ ಈ ಎಳೆಗಳು ಬೇರೆಬೇರೆಯಾದವು. ಪ್ರವಾದಿ ಯೆಹೆಜ್ಕೇಲನು ತನ್ನ ಗ್ರಂಥದ ೧೬ನೆಯ ಅಧ್ಯಾಯದಲ್ಲಿ ಸೊದೋಮಿನ ದೋಷಗಳನ್ನು ಎಣಿಸುವಾಗ ಗರ್ವ, ಅನ್ನಸಮೃದ್ಧಿಯ ಮದ, ದೀನದರಿದ್ರರಿಗೆ ನೆರವಾಗದ ನಿರ್ದಯೆ, ಇವನ್ನು ಮೊದಲು ಹೇಳಿ, ಅಸಹ್ಯಕಾರ್ಯವೊಂದನ್ನು ಅನಂತರ ಸೂಚಿಸುತ್ತಾನೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಸೊದೋಮನ್ನು ನೆನೆಯುವುದು, ತನ್ನ ಶಿಷ್ಯರನ್ನು ಬರಮಾಡಿಕೊಳ್ಳದ ಊರುಗಳ ಪ್ರಸಂಗದಲ್ಲಿ. ಇದಕ್ಕೆ ಭಿನ್ನವಾಗಿ, ಒಂದನೆಯ ಶತಮಾನದ ಯೆಹೂದಿ ತತ್ತ್ವಜ್ಞ ಅಲೆಕ್ಸಾಂಡ್ರಿಯದ ಫೈಲೋ ಆ ಪಾಪವನ್ನು ಪುರುಷರ ಪರಸ್ಪರ ಸಂಭೋಗವೆಂದು ಸ್ಪಷ್ಟವಾಗಿ ವರ್ಣಿಸಿದನು. ಚರ್ಚಿನ ಪರಂಪರೆಯಲ್ಲಿ ಕ್ರಮೇಣ ಮೇಲುಗೈ ಪಡೆದುದು ಈ ಅರ್ಥವೇ.

ಅರ್ಥ ಬದಲಾದಂತೆ ಅದರ ಬಲವೂ ಹೆಚ್ಚಿತು. ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಇಂತಹ ಕೃತ್ಯಗಳಿಂದ ಕ್ಷಾಮ, ಭೂಕಂಪ, ಮಹಾಮಾರಿಗಳು ಉಂಟಾಗುತ್ತವೆಂದು ತನ್ನ ಶಾಸನದಲ್ಲಿ ಹೇಳಿದನು. ೫೫೯ರ ಶಾಸನದಲ್ಲಿ ಸೊದೋಮಿನ ಗತಿಯನ್ನೇ ನೆನಪಿಸಿದನು. ಹನ್ನೊಂದನೆಯ ಶತಮಾನದ ಮಧ್ಯದಲ್ಲಿ ಪೀಟರ್ ಡೇಮಿಯನ್ ಪೋಪ್ ಒಂಬತ್ತನೆಯ ಲಿಯೋನಿಗೆ ಒಂದು ಗ್ರಂಥವನ್ನು ಅರ್ಪಿಸಿ, ಪಾದ್ರಿಗಳಲ್ಲಿದ್ದ ಈ ನಡತೆಯನ್ನು ಖಂಡಿಸಿದನು. ಊರಿನ ಹೆಸರಿನಿಂದ ಪಾಪದ ಭಾವವಾಚಕ ನಾಮವನ್ನು ನಿರ್ಮಿಸಿದವನು ಇವನೇ ಎಂದು ಮಾರ್ಕ್ ಜಾರ್ಡನ್ ೧೯೯೭ರಲ್ಲಿ ವಾದಿಸಿದ್ದಾರೆ. ಇಂಗ್ಲೆಂಡಿನಲ್ಲಿ ೧೫೩೩ರಲ್ಲಿ ಎಂಟನೆಯ ಹೆನ್ರಿಯ ಕಾಲದ ಪಾರ್ಲಿಮೆಂಟು ಇದನ್ನು ಮರಣದಂಡನೆಗೆ ಅರ್ಹವಾದ ಅಪರಾಧವನ್ನಾಗಿ ಮಾಡಿ ರಾಜನ ನ್ಯಾಯಾಲಯಗಳಿಗೆ ಒಪ್ಪಿಸಿತು. ಈ ಅಪರಾಧಕ್ಕಾಗಿ ಅಲ್ಲಿ ಕೊನೆಯ ಗಲ್ಲುಗಳು ನಡೆದುದು ೧೮೩೫ರಲ್ಲಿ. ಮರಣದಂಡನೆ ರದ್ದಾದುದು ೧೮೬೧ರಲ್ಲಿ. ೧೮೬೦ರ ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮಿನಲ್ಲಿ ಸೊದೋಮಿನ ಹೆಸರಿರಲಿಲ್ಲ. 'ಪ್ರಕೃತಿನಿಯಮಕ್ಕೆ ವಿರುದ್ಧ' ಎಂಬ ಮಾತಿತ್ತು. ಪೌಲನ ಪತ್ರಿಕೆಯಿಂದ ಥಾಮಸ್ ಅಕ್ವಿನಾಸನವರೆಗೆ ಬೆಳೆದ ವಿಚಾರಪರಂಪರೆಯ ಧ್ವನಿ ಈ ಮಾತಿನಲ್ಲಿದೆ.

ಈ ವ್ಯಾಖ್ಯಾನವನ್ನು ಮೂಲದಿಂದಲೇ ಪ್ರಶ್ನಿಸಿದವರು ಇಂಗ್ಲೆಂಡಿನ ಚರ್ಚಿನ ಪಾದ್ರಿಯೇ ಆಗಿದ್ದ ಡೆರಿಕ್ ಶೆರ್ವಿನ್ ಬೈಲಿ. 'ಅರಿಯು' ಎಂಬ ಹೀಬ್ರೂ ಧಾತುವಿಗೆ ಸಂಭೋಗವೆಂಬ ಅರ್ಥ ಬಹು ವಿರಳವೆಂದೂ, ಪರದೇಶಿಯಾದ ಲೋಟನು ಮನೆಗೆ ಸೇರಿಸಿಕೊಂಡವರು ಯಾರೆಂದು ವಿಚಾರಿಸುವುದೇ ಊರಿನವರ ಇಚ್ಛೆಯಾಗಿತ್ತೆಂದೂ ಅವರು ೧೯೫೫ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಇದನ್ನು ಒಪ್ಪುವುದಕ್ಕೆ ಒಂದು ತೊಡಕಿದೆ. ಅದೇ ಕಥೆಯಲ್ಲಿ ತನ್ನ ಹೆಣ್ಣುಮಕ್ಕಳು ಪುರುಷನನ್ನು 'ಅರಿಯದವರು' ಎನ್ನುವಾಗ ಲೋಟನು ಬಳಸುವುದು ಅದೇ ಧಾತುವನ್ನು. ಆದುದರಿಂದ ಬೈಲಿಯವರ ಶಬ್ದವಾದ ದುರ್ಬಲವೆಂದೇ ನಮ್ಮ ಅಭಿಪ್ರಾಯ. ಆದರೆ ಅಲ್ಲಿರುವುದು ಪರಸ್ಥಳದವರ ಮೇಲೆ ಗುಂಪು ನಡೆಸಹೊರಟ ಬಲಾತ್ಕಾರವೇ ಹೊರತು ಇಬ್ಬರ ಪರಸ್ಪರ ಸಮ್ಮತಿಯ ಸಂಬಂಧವಲ್ಲ ಎಂಬ ಅಂಶ ಇದರಿಂದ ಕದಲುವುದಿಲ್ಲ.

ಸೊದೋಮಿನ ಕಥೆಯನ್ನು ಬದಿಗಿಟ್ಟರೂ ವಿವಾದ ಮುಗಿಯುವುದಿಲ್ಲ. ಯಾಜಕಕಾಂಡದ ಎರಡು ನಿಷೇಧಗಳೂ ಪೌಲನ ಪತ್ರಿಕೆಗಳ ವಚನಗಳೂ ಆ ಕಥೆಯನ್ನು ಆಧರಿಸಿಲ್ಲ. ಸಂಪ್ರದಾಯದ ಪಕ್ಷದವರ ಬಲವಾದ ಆಧಾರಗಳು ಇವೇ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಪೌಲನು ಬಳಸಿದ 'ಅರ್ಸೆನೊಕೊಯಿತೈ' ಎಂಬ ಗ್ರೀಕ್ ಪದವನ್ನು ಅವರು ಯಾಜಕಕಾಂಡದ ಗ್ರೀಕ್ ಅನುವಾದಕ್ಕೆ ಸಂಬಂಧಿಸಿ ಅರ್ಥೈಸುತ್ತಾರೆ; ಜಾನ್ ಬಾಸ್ವೆಲ್ ೧೯೮೦ರಲ್ಲಿ ಅದಕ್ಕೆ ವೇಶ್ಯಾವೃತ್ತಿಯ ಪುರುಷರೆಂಬ ಅರ್ಥವನ್ನು ಹೇಳಿದರು. ೧೯೪೬ರ ಒಂದು ಇಂಗ್ಲಿಷ್ ಅನುವಾದವು ಅಲ್ಲಿ 'ಸಲಿಂಗಕಾಮಿಗಳು' ಎಂಬ ಪದವನ್ನು ಹಾಕಿ, ೧೯೭೧ರ ಪರಿಷ್ಕರಣದಲ್ಲಿ ಅದನ್ನು ಕೈಬಿಟ್ಟಿತು. ಆ ಆಧುನಿಕ ಪದ ಜರ್ಮನ್ ಭಾಷೆಯಲ್ಲಿ ಅಚ್ಚಾದುದೇ ೧೮೬೯ರಲ್ಲಿ. ಕೃತ್ಯವನ್ನು ಹೇಳುವ ಪ್ರಾಚೀನ ಪದಕ್ಕೂ ಸ್ವಭಾವವನ್ನು ಹೇಳುವ ನವೀನ ಪದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳು ಮರೆಯಬಾರದು.

ಪಾಪವೂ ಅಪರಾಧವೂ ಒಂದೇ ಅಲ್ಲವೆಂಬ ವಿವೇಕ ಚರ್ಚಿನೊಳಗೂ ಮೂಡಿತು. ೧೯೫೭ರ ವುಲ್ಫೆಂಡನ್ ಸಮಿತಿಯ ವರದಿ ಈ ಭೇದವನ್ನು ಎತ್ತಿಹಿಡಿಯಿತು. ಈ ನಡತೆಯನ್ನು ಪಾಪವೆಂದೇ ತಿಳಿದಿದ್ದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮೈಕೇಲ್ ರ‍್ಯಾಮ್ಸೆಯವರೂ ಶಿಕ್ಷೆಯನ್ನು ತೆಗೆಯುವುದಕ್ಕೆ ಬೆಂಬಲವಿತ್ತರು. ೧೯೬೭ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಕಾನೂನು ಸಡಿಲವಾಯಿತು. ಭಾರತದಲ್ಲಿ ಅದೇ ಪರಂಪರೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದು ೨೦೧೮ರ ಸೆಪ್ಟೆಂಬರ್ ೬ರಂದು.

ಇಷ್ಟರಿಂದ ನಾವು ತಿಳಿಯಬಹುದಾದುದು ಇದು: ಮೂಲಪಾಠ, ವ್ಯಾಖ್ಯಾನ, ಶಾಸನ ಈ ಮೂರೂ ಬೇರೆಬೇರೆ. ಮೂಲಪಾಠದ ಅರ್ಥವನ್ನು ಕುರಿತು ಶ್ರದ್ಧಾವಂತರಾದ ವಿದ್ವಾಂಸರೇ ಇಂದಿಗೂ ಭಿನ್ನಾಭಿಪ್ರಾಯವುಳ್ಳವರಾಗಿದ್ದಾರೆ. ಆದರೆ ಗಲ್ಲಿಗೇರಿದವರ ಪಾಲಿಗೆ ಇದು ಕೇವಲ ಶಬ್ದಾರ್ಥದ ಚರ್ಚೆಯಾಗಿರಲಿಲ್ಲ. ವ್ಯಾಖ್ಯಾನವು ಶಾಸನವಾಗುವಾಗ ಅದರ ಆಧಾರವನ್ನು ಮತ್ತೊಮ್ಮೆ ಪರಿಶೀಲಿಸುವುದು ಇತಿಹಾಸಕಾರನ ಕರ್ತವ್ಯವೆನ್ನುವುದು ಅದರಿಂದಲೇ.