ಸೈಲೆನ್ಸರ್ ಪೈಪು: ಮರಳಿನಿಂದ ಮ್ಯಾಂಡ್ರೆಲ್‌ವರೆಗೆ

ಎಂಜಿನ್ನಿನಿಂದ ಹಿಂದಿನ ಬಂಪರಿನವರೆಗೆ ಹೊಗೆ ಪೈಪು ನೆಟ್ಟಗೆ ಹೋಗಲು ಕಾರಿನಡಿ ಜಾಗವೇ ಇಲ್ಲ. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಪೆಟ್ರೋಲ್ ಟ್ಯಾಂಕು ಎಲ್ಲವನ್ನೂ ತಪ್ಪಿಸಿಕೊಂಡು ಸುತ್ತಿ ಬಳಸಿ ಸಾಗಬೇಕು. ತೆಳು ಪೈಪನ್ನು ಬಗ್ಗಿಸಿದರೆ ತಿರುವಿನ ಹೊರಮೈ ಹಿಗ್ಗುತ್ತದೆ, ಒಳಮೈ ಸುಕ್ಕುಗಟ್ಟುತ್ತದೆ, ಪೈಪಿನ ದುಂಡು ಚಪ್ಪಟೆಯಾಗುತ್ತದೆ. ಈ ಕಸುಬು ಬೆಳೆದದ್ದೆಲ್ಲ ಅದನ್ನು ತಡೆಯುವ ಪ್ರಯತ್ನದಲ್ಲೇ.

ಹಳೆಯ ಉಪಾಯ ಮರಳು. ಒಣ ಮರಳನ್ನು ಕುಟ್ಟಿ ತುಂಬಿ, ಎರಡೂ ಬಾಯಿ ಮುಚ್ಚಿ, ಪೈಪನ್ನು ಕೆಂಪಗೆ ಕಾಯಿಸಿ ಬಗ್ಗಿಸುತ್ತಿದ್ದರು. ಮರಳಿನಲ್ಲಿ ತೇವ ಉಳಿದರೆ ಆವಿಯ ಒತ್ತಡಕ್ಕೆ ಬಿರಡೆ ಸಿಡಿಯುವ ಅಪಾಯವಿತ್ತು. ಪಳಗಿದ ಕೈಯಲ್ಲಿ ಸೊಗಸಾದ ತಿರುವು ಬರುತ್ತಿತ್ತು, ಆದರೆ ಗಿರಾಕಿ ಕಾದು ನಿಲ್ಲುವ ಅಂಗಡಿಗೆ ಒಗ್ಗುವ ಕೆಲಸವಲ್ಲ.

ಅಂಥ ಅಂಗಡಿಗಳು ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ನಂತರ ಹಬ್ಬಿದವು. ಮೈಡಸ್ ಮಫ್ಲರ್‌ನ ಮೊದಲ ಅಂಗಡಿ ಜಾರ್ಜಿಯಾದ ಮೇಕನ್‌ನಲ್ಲಿ ತೆರೆದದ್ದು 1956ರಲ್ಲಿ. ಒಂದೊಂದು ಮಾದರಿಗೂ ಬಗ್ಗಿಸಿದ ಪೈಪು ದಾಸ್ತಾನಿಡುವುದು ದುಬಾರಿ. ನೆಟ್ಟನೆಯ ಪೈಪು ತಂದು ಅಲ್ಲೇ ಬಗ್ಗಿಸಿಕೊಡುವ ಹೈಡ್ರಾಲಿಕ್ ಪ್ರೆಸ್ ಆ ತೊಂದರೆ ನೀಗಿಸಿತು. ಎರಡು ಆಸರೆಗಳ ನಡುವೆ ಪೈಪಿಟ್ಟು ಮಧ್ಯದಲ್ಲಿ ಅಚ್ಚು ಒತ್ತಿದರೆ ಕ್ಷಣದಲ್ಲಿ ತಿರುವು ಸಿದ್ಧ. ಆದರೆ ಪೈಪಿನೊಳಗೆ ಆಸರೆಯಿಲ್ಲ, ಹಾಗಾಗಿ ಗೋಡೆ ಕುಸಿಯುತ್ತದೆ. ಅಗಲ ಹಾಗೇ ಇದ್ದು ಎತ್ತರ ಶೇ 20ರಷ್ಟು ತಗ್ಗಿದರೆ ಹೊಗೆಯ ಹಾದಿಯೂ ಅಷ್ಟೇ ಕಿರಿದಾಗುತ್ತದೆ.

ಮ್ಯಾಂಡ್ರೆಲ್ ಪದ್ಧತಿ ಆ ಆಸರೆಯನ್ನು ಒಳಗೇ ಇಟ್ಟಿತು. ಬೆನ್ನುಮೂಳೆಯಂತೆ ಒಂದಕ್ಕೊಂದು ಕೀಲಿಸಿದ ಉಕ್ಕಿನ ಗುಂಡುಗಳು ಪೈಪಿನೊಳಗೆ ಕೂರುತ್ತವೆ. ಹೊರಗಿನ ಅಚ್ಚು ಪೈಪನ್ನು ಕಚ್ಚಿ ಹಿಡಿದು, ತಿರುಗುತ್ತಾ ತನ್ನ ಸುತ್ತ ಎಳೆದುಕೊಳ್ಳುತ್ತದೆ. ಗುಂಡುಗಳು ಗೋಡೆ ಕುಸಿಯಲು ಬಿಡುವುದಿಲ್ಲ. ದುಂಡು ಉಳಿಯುತ್ತದೆ, ಆದರೆ ಲೋಹ ತೆಳುವಾಗುತ್ತದೆ: ತಿರುವಿನ ತ್ರಿಜ್ಯ ಪೈಪಿನ ವ್ಯಾಸದ ಒಂದೂವರೆ ಪಟ್ಟಿದ್ದರೆ ಹೊರಗೆರೆ ನಡುಗೆರೆಗಿಂತ ಮೂರನೇ ಒಂದು ಪಾಲು ಉದ್ದ, ಆ ಉದ್ದಕ್ಕೆ ಬೇಕಾದ ಲೋಹ ಗೋಡೆಯ ದಪ್ಪದಿಂದಲೇ ಬರಬೇಕು.

ಪ್ರತಿ ಅಳತೆಗೂ ಬೇರೆ ಅಚ್ಚು ಬೇಕಾದ ಈ ಯಂತ್ರವನ್ನು ಎಲ್ಲ ಅಂಗಡಿಗಳೂ ಇಟ್ಟುಕೊಳ್ಳಲಾರವು. ಬಗ್ಗಿಸಿದ ತುಂಡುಗಳನ್ನು ಕೊಂಡು, ಕತ್ತರಿಸಿ, ವೆಲ್ಡ್ ಮಾಡುವುದು ವಾಡಿಕೆ. ಬೆಸುಗೆ ಒಳಗೆ ಉಬ್ಬಿದರೆ ಮ್ಯಾಂಡ್ರೆಲ್ಲಿನ ಲಾಭವೇ ಕರಗುತ್ತದೆ. ಇಡೀ ಪೈಪನ್ನು ಒಂದೇ ತುಂಡಿನಲ್ಲಿ ಬಗ್ಗಿಸುವ ಪ್ರೆಸ್ಸಿಗೆ ಈ ತಾಪತ್ರಯವಿಲ್ಲ. ಟೈಟಾನಿಯಂ ಬಂದ ಮೇಲೆ ಓರೆ ಹೋಳುಗಳನ್ನು ಕೂಡಿಸಿ ತಿರುವು ಕಟ್ಟುವ ಪದ್ಧತಿಯೂ ಬೆಳೆಯಿತು. ನೋಡಲು ಚೆಂದ, ಆದರೆ ಒಂದು ತಿರುವಿಗೆ ಹಲವು ಬೆಸುಗೆ. ದಿನಬಳಕೆಯ ಕಾರಿಗೆ ಅದರ ಅಗತ್ಯವೇ ಇಲ್ಲ.

ಯಾವುದನ್ನು ಆರಿಸುವುದು? ಪೈಪಿನ ಯಾವ ಭಾಗ ಎಂಬುದರ ಮೇಲೆ ಆರಿಸಬೇಕು ಎಂಬುದು ನನ್ನ ಖಚಿತ ನಿಲುವು. ಎಂಜಿನ್ ಬಳಿ ಹೊಗೆ ಅತಿ ಬಿಸಿ, ಅದರ ಗಾತ್ರವೂ ವೇಗವೂ ಹೆಚ್ಚು. ಅಲ್ಲಿ ಮ್ಯಾಂಡ್ರೆಲ್ ತಿರುವಿಗೆ ಹಣ ಹಾಕಬೇಕು. ಹಿಂದೆ ಹೋದಂತೆ ಹೊಗೆ ತಣಿದು ಕುಗ್ಗುತ್ತದೆ. ಆಕ್ಸಲ್ ಮೇಲಿನ ತಿರುವಿಗೆ ಪ್ರೆಸ್ ಸಾಕು, ಬೇಕಿದ್ದರೆ ಒಂದು ಅಳತೆ ದೊಡ್ಡ ಪೈಪು ಹಾಕಿಸಬಹುದು. ಅಲ್ಲಿ ಉಳಿದ ಹಣವನ್ನು ತುಕ್ಕು ತಡೆಯುವ ಲೋಹಕ್ಕೆ ಹಾಕಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಹತ್ತಿರದ ಓಡಾಟದಲ್ಲಿ ಪೈಪು ಪೂರ್ತಿ ಕಾಯದೆ ಆ ನೀರು ಒಳಗೇ ನಿಂತು, ಸಾದಾ ಉಕ್ಕನ್ನು ಹಿಂಭಾಗದಿಂದಲೇ ತಿನ್ನತೊಡಗುತ್ತದೆ.